ಕಾರಿಗೆ ಮನೆಯಲ್ಲೇ ವಿದ್ಯುತ್: ಗೋಡೆಯ ಪೆಟ್ಟಿಗೆಯ ಕಥೆ



ನಿಮ್ಮ ಬೀದಿಯಲ್ಲಿ ಯಾರಾದರೂ ವಿದ್ಯುತ್ ಕಾರು ಕೊಂಡಿದ್ದರೆ ಅವರು ಕಾರು ನಿಲ್ಲಿಸುವ ಜಾಗವನ್ನು ಒಮ್ಮೆ ಗಮನಿಸಿ. ಗೋಡೆಯ ಮೇಲೆ ಒಂದು ಚಿಕ್ಕ ಪೆಟ್ಟಿಗೆ, ಅದರಿಂದ ಇಳಿಬಿದ್ದ ದಪ್ಪನೆಯ ಕೇಬಲ್ ಕಾಣಬಹುದು. ಎಲ್ಲರೂ ಅದನ್ನು ಚಾರ್ಜರ್ ಎಂದು ಕರೆಯುತ್ತಾರೆ. ಇದು ನಿನ್ನೆ ಮೊನ್ನೆ ಬಂದ ವಸ್ತುವೆಂದು ತೋರುವುದು ಸಹಜ. ಆದರೆ ಮನೆಯಲ್ಲೇ ಕಾರಿಗೆ ವಿದ್ಯುತ್ ತುಂಬುವ ಉಪಕರಣಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅದನ್ನು ತಿಳಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ವಿದ್ಯುತ್ ಕಾರಿನ ಸೋಲು ಗೆಲುವು ರಸ್ತೆಯ ಮೇಲೆ ಎಷ್ಟು ನಿರ್ಧಾರವಾಯಿತೋ, ಮನೆಯ ಗೋಡೆಯ ಬಳಿಯೂ ಅಷ್ಟೇ ನಿರ್ಧಾರವಾಯಿತು.

ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸ-ಆಮ್ಲ ಬ್ಯಾಟರಿಯನ್ನು ನಿರ್ಮಿಸಿದರು. ಒಮ್ಮೆ ಬರಿದಾದರೂ ಮತ್ತೆ ತುಂಬಬಹುದಾದ ಬ್ಯಾಟರಿ ಅದು. 1881ರಲ್ಲಿ ಕ್ಯಾಮಿಲ್ ಫೋರ್ ಅದನ್ನು ಸುಧಾರಿಸಿದ ಮೇಲೆ ವಾಹನ ಓಡಿಸುವಷ್ಟು ಶಕ್ತಿ ಅದರಿಂದ ದೊರೆಯಿತು. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳಲ್ಲಿ 1,575 ವಿದ್ಯುತ್ ಕಾರುಗಳಾಗಿದ್ದವು. ಪೆಟ್ರೋಲ್ ಕಾರುಗಳು 936 ಮಾತ್ರ. ಉಳಿದವು ಹಬೆಯ ಕಾರುಗಳು. ವಿದ್ಯುತ್ ಕಾರಿಗೆ ಹೊಗೆಯಿಲ್ಲ, ಸದ್ದಿಲ್ಲ. ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುವ ಕಷ್ಟವೂ ಇಲ್ಲ. ಹೀಗಿದ್ದರೂ ಅದು ಏಕೆ ಹಿಂದೆ ಬಿದ್ದಿತು?

ಒಂದು ಕಾರಣ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್. ಎಡಿಸನ್ ಅವರ ಮೊದಲ ವಿದ್ಯುತ್ ಕೇಂದ್ರಗಳು ಕೊಡುತ್ತಿದ್ದುದೂ ಅದನ್ನೇ. ಆದರೆ ಆಗಿನ ವಿಧಾನದಲ್ಲಿ ನೇರ ವಿದ್ಯುತ್ತನ್ನು ಬಹುದೂರ ಸಾಗಿಸಲು ಆಗುತ್ತಿರಲಿಲ್ಲ. ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ವಿದ್ಯುತ್ತಾದರೆ ಟ್ರಾನ್ಸ್‌ಫಾರ್ಮರಿನಿಂದ ಅದರ ವೋಲ್ಟೇಜನ್ನು ಏರಿಸಿ, ದೂರ ಸಾಗಿಸಿ, ಮತ್ತೆ ಇಳಿಸಿ ಬಳಸಬಹುದು. ಇದಕ್ಕೆ ನಮ್ಮ ನಾಡಿನಲ್ಲೇ ಉತ್ತಮ ಉದಾಹರಣೆಯಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು. ಇದು ಸಾಧ್ಯವಾದದ್ದು ಪರ್ಯಾಯ ವಿದ್ಯುತ್ತಿನಿಂದ.

ಅಮೆರಿಕದಲ್ಲಿಯೂ ಪರ್ಯಾಯ ವಿದ್ಯುತ್ತೇ ಹಬ್ಬತೊಡಗಿತು. ಇಲ್ಲಿ ಇಕ್ಕಟ್ಟು ಬಂದಿತು ನೋಡಿ: ಮನೆಗೆ ಬರುವುದು ಒಂದು ಬಗೆಯ ವಿದ್ಯುತ್, ಬ್ಯಾಟರಿಗೆ ಬೇಕಾದುದು ಇನ್ನೊಂದು ಬಗೆ! ಪರ್ಯಾಯ ವಿದ್ಯುತ್ತಿನ ಮೋಟಾರು ಇಟ್ಟು, ಅದರಿಂದ ನೇರ ವಿದ್ಯುತ್ತಿನ ಡೈನಮೊ ತಿರುಗಿಸುವುದು ಒಂದು ಉಪಾಯವಾಗಿತ್ತು. ಆದರೆ ಆ ಯಂತ್ರ ಭಾರವಾದದ್ದು, ಸದ್ದು ಮಾಡುವಂಥದ್ದು, ಸದಾ ಆರೈಕೆ ಬೇಡುವಂಥದ್ದು. ಹೀಗಾಗಿ ಅನೇಕ ಮಾಲೀಕರು ತಮ್ಮ ಕಾರನ್ನು ರಾತ್ರಿ ಊರಿನ ಸಾರ್ವಜನಿಕ ಗ್ಯಾರೇಜಿನಲ್ಲಿ ಬಿಡಬೇಕಾಗಿತ್ತು.

ಇದಕ್ಕೆ ಪರಿಹಾರ ತೋರಿದವರು ಪೀಟರ್ ಕೂಪರ್ ಹೆವಿಟ್. ಶಿವನಸಮುದ್ರದ ವಿದ್ಯುತ್ ಕೋಲಾರಕ್ಕೆ ಹರಿದ ಅದೇ 1902ರಲ್ಲಿ ಅವರು ಪಾದರಸದ ರೆಕ್ಟಿಫೈಯರನ್ನು ರೂಪಿಸಿದರು. ಗಾಳಿ ತೆಗೆದ ದೊಡ್ಡ ಗಾಜಿನ ಬುರುಡೆ; ಅದರ ತಳದಲ್ಲಿ ಪಾದರಸ. ವಿದ್ಯುತ್ ಚಾಪ ಹೊತ್ತಿಕೊಂಡಾಗ ಪಾದರಸದ ಆವಿಯ ಮೂಲಕ ಪ್ರವಾಹ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಹಿಂದಕ್ಕೆ ಹರಿಯುವುದಿಲ್ಲ. ತಿರುಗುವ ಭಾಗ ಒಂದೂ ಇಲ್ಲ. ಬುರುಡೆ ನೀಲಿ-ಹಸಿರು ಬೆಳಕು ಸೂಸುತ್ತ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಜನರಲ್ ಎಲೆಕ್ಟ್ರಿಕ್ ಕಂಪನಿ ಇಂಥ ಉಪಕರಣಗಳನ್ನು ಮನೆಯ ಗ್ಯಾರೇಜಿಗೆಂದೇ ತಯಾರಿಸಿ ಮಾರಿತು. ಇಂದಿನ ಗೋಡೆಯ ಪೆಟ್ಟಿಗೆಯ ಪೂರ್ವಜ ಇದೇ.

ಆದರೂ ಈ ಸೌಕರ್ಯ ದೊರೆತದ್ದು ಕೆಲವರಿಗೆ ಮಾತ್ರ. ಸ್ವಂತ ಗ್ಯಾರೇಜು, ವಿದ್ಯುತ್ ಸಂಪರ್ಕ, ದುಬಾರಿ ಉಪಕರಣ ಕೊಳ್ಳುವ ಶಕ್ತಿ, ಮೂರೂ ಇದ್ದವರಿಗೆ. 1920ರಲ್ಲಿಯೂ ಅಮೆರಿಕದ ಮನೆಗಳಲ್ಲಿ ವಿದ್ಯುತ್ ಇದ್ದದ್ದು ಸುಮಾರು ಮೂರನೆಯ ಒಂದು ಭಾಗಕ್ಕೆ. ಹಳ್ಳಿಯ ರೈತನಿಗೆ ತಂತಿ ಬಂದಿರಲಿಲ್ಲ. ಆದರೆ ಪೆಟ್ರೋಲ್ ಡಬ್ಬಿಯಲ್ಲಿ ತುಂಬಿಕೊಂಡು ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ಹೆನ್ರಿ ಫೋರ್ಡ್ ಅವರ ಅಗ್ಗದ ಮಾಡೆಲ್-ಟಿ ಕಾರು 1908ರಲ್ಲಿ ಬಂದಿತು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲ್ಯಾಕ್ ಕಾರಿಗೆ ಬಂದು, ಹ್ಯಾಂಡಲ್ ತಿರುಗಿಸುವ ಕಷ್ಟವೂ ತಪ್ಪಿತು. ಬೆಲೆ, ದೂರ, ರಸ್ತೆ, ತೈಲ ಎಲ್ಲವೂ ಪೆಟ್ರೋಲಿನ ಕಡೆಗೆ ವಾಲಿದವು. 1907ರಿಂದ ವಿದ್ಯುತ್ ಕಾರು ತಯಾರಿಸುತ್ತಿದ್ದ ಡೆಟ್ರಾಯಿಟ್ ಎಲೆಕ್ಟ್ರಿಕ್ ಕೂಡ 1939ರ ಹೊತ್ತಿಗೆ ನಿಂತುಹೋಯಿತು.

ಮುಂದಿನ ಅಧ್ಯಾಯ ತೆರೆದದ್ದು ಸುಮಾರು ಅರ್ಧ ಶತಮಾನದ ನಂತರ. ಗಾಳಿ ಕೆಟ್ಟು ಕಂಗೆಟ್ಟಿದ್ದ ಕ್ಯಾಲಿಫೋರ್ನಿಯಾ ರಾಜ್ಯ, ಹೊಗೆಯಿಲ್ಲದ ಕಾರುಗಳನ್ನೂ ಮಾರಬೇಕೆಂದು 1990ರಲ್ಲಿ ದೊಡ್ಡ ಕಂಪನಿಗಳಿಗೆ ನಿಯಮ ವಿಧಿಸಿತು. 1996ರಲ್ಲಿ ಜನರಲ್ ಮೋಟಾರ್ಸ್ ತನ್ನ ಇವಿ-1 ಕಾರನ್ನು ಬಾಡಿಗೆಯ ಕರಾರಿನ ಮೇಲೆ ಕೊಡತೊಡಗಿತು. ಇದಕ್ಕೆಂದು ಮನೆಯ ಗೋಡೆಗೆ 220 ವೋಲ್ಟಿನ ಚಾರ್ಜರ್ ಜೋಡಿಸಲಾಗುತ್ತಿತ್ತು. ಲೋಹಕ್ಕೆ ಲೋಹ ತಾಗದೆ, ಕಾಂತೀಯ ಪ್ರೇರಣೆಯಿಂದ ಶಕ್ತಿ ಸಾಗಿಸುವ ವ್ಯವಸ್ಥೆ ಅದು. ಬೇರೆ ಕೆಲವು ಕಂಪನಿಗಳು ಸಾಮಾನ್ಯ ಪ್ಲಗ್ಗಿನ ರೀತಿಯನ್ನು ಹಿಡಿದವು. ಒಂದು ಕಾರಿನ ಚಾರ್ಜರ್ ಇನ್ನೊಂದಕ್ಕೆ ಹೊಂದದಾಯಿತು. ಕೊನೆಗೆ 2001ರಲ್ಲಿ ಕ್ಯಾಲಿಫೋರ್ನಿಯಾ ಪ್ಲಗ್ಗಿನ ರೀತಿಯನ್ನೇ ಒಪ್ಪಿಕೊಂಡಿತು.

ಅದೇ 2001ರಲ್ಲಿ ನಮ್ಮ ಬೆಂಗಳೂರು ಇದೇ ಪ್ರಶ್ನೆಗೆ ಬೇರೊಂದು ಉತ್ತರ ಕೊಟ್ಟಿತು. ಚೇತನ್ ಮೈನಿ ಅವರ ನೇತೃತ್ವದಲ್ಲಿ ರೂಪುಗೊಂಡ ರೇವಾ ಎಂಬ ಪುಟ್ಟ ಕಾರು ಮಾರುಕಟ್ಟೆಗೆ ಬಂದಿತು. ಅದರಲ್ಲಿ 48 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಗಳಿದ್ದವು. ಪರ್ಯಾಯವನ್ನು ನೇರ ವಿದ್ಯುತ್ತಾಗಿ ಬದಲಿಸುವ ಉಪಕರಣ ಕಾರಿನೊಳಗೇ ಇತ್ತು. ಗೋಡೆಗೆ ವಿಶೇಷವಾದ ಪೆಟ್ಟಿಗೆ ಬೇಕಿರಲಿಲ್ಲ. ಮನೆಯಲ್ಲಿ ಗೀಸರಿಗೆ ಬಳಸುವ 15 ಆಂಪಿಯರಿನ ಪ್ಲಗ್ಗಿಗೆ ಸಿಕ್ಕಿಸಿದರೆ ಸುಮಾರು 8 ಗಂಟೆಗಳಲ್ಲಿ ಪೂರ್ತಿ ತುಂಬುತ್ತಿತ್ತು.

ಹಾಗಾದರೆ ಇಂದಿನ ಗೋಡೆಯ ಪೆಟ್ಟಿಗೆ ಮಾಡುವುದೇನು? ನಿಜವಾಗಿ ನೋಡಿದರೆ ಅದು ಚಾರ್ಜರೇ ಅಲ್ಲ! ಹೆವಿಟ್ ಅವರ ಗಾಜಿನ ಬುರುಡೆ ಮಾಡುತ್ತಿದ್ದ ಕೆಲಸವನ್ನು ಈಗ ಕಾರಿನೊಳಗಿನ ಅರೆವಾಹಕಗಳು ಮಾಡುತ್ತವೆ. ಪೆಟ್ಟಿಗೆಯದು ಕಾವಲುಗಾರನ ಕೆಲಸ. ಕೇಬಲ್ಲಿನಲ್ಲಿರುವ ಒಂದು ಸಣ್ಣ ತಂತಿಯ ಮೂಲಕ ಅದು ಕಾರಿನೊಡನೆ ಸಂಕೇತದಲ್ಲಿ ಮಾತನಾಡುತ್ತದೆ. ಎಷ್ಟು ಆಂಪಿಯರ್ ಎಳೆದುಕೊಳ್ಳಬಹುದೆಂದು ತಿಳಿಸುತ್ತದೆ. ಸಂಪರ್ಕ ಸರಿಯಾಗಿದೆ ಎಂದು ಖಚಿತವಾಗುವವರೆಗೆ ವಿದ್ಯುತ್ತನ್ನು ಬಿಡುವುದಿಲ್ಲ.

ಈ ಕಾವಲು ಏಕೆ ಬೇಕು? ಒಂದು ಸಣ್ಣ ಲೆಕ್ಕ ಮಾಡಿ. 30 ಯೂನಿಟ್ ಹಿಡಿಸುವ ಬ್ಯಾಟರಿಗೆ 3.3 ಕಿಲೋವ್ಯಾಟ್ ದರದಲ್ಲಿ ತುಂಬಿದರೆ 9 ಗಂಟೆಗೂ ಹೆಚ್ಚು ಕಾಲ ಬೇಕು. ಗೀಸರ್ ಉರಿಯುವುದು ಅರ್ಧ ಗಂಟೆ. ಕಾರು ರಾತ್ರಿಯಿಡೀ ವಿದ್ಯುತ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಎಂದರೆ 16 ಆಂಪಿಯರಿನ ಬದಲು 32 ಆಂಪಿಯರ್ ಹರಿದರೆ ಅದೇ ತಂತಿಯಲ್ಲಿ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆದ್ದರಿಂದ ಮೀಟರ್ ಬೋರ್ಡಿನಿಂದ ಪ್ರತ್ಯೇಕವಾದ ದಪ್ಪ ತಂತಿ, ಅದಕ್ಕೇ ಮೀಸಲಾದ ಎಂಸಿಬಿ, ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಸಾಧನ, ಸರಿಯಾದ ಅರ್ಥಿಂಗ್, ಇಷ್ಟೂ ಬೇಕು. ಮನೆಗೆ ಮಂಜೂರಾದ ಲೋಡ್ ಸಾಲದಿದ್ದರೆ ಅದನ್ನೂ ಹೆಚ್ಚಿಸಿಕೊಳ್ಳಬೇಕು. ಈ ಕೆಲಸ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಗೆ ಸೇರಿದ್ದು. ಎಕ್ಸ್‌ಟೆನ್ಷನ್ ವೈರಿನಿಂದ ಕಾರಿಗೆ ವಿದ್ಯುತ್ ಕೊಡುವುದು ಬೆಂಕಿಯೊಡನೆ ಆಟವಾಡಿದಂತೆ.

ಉಪಕರಣದ ತೊಡಕುಗಳು ಬಹುಮಟ್ಟಿಗೆ ಬಗೆಹರಿದಿವೆ. ಉಳಿದಿರುವುದು 1920ರ ರೈತನ ಪ್ರಶ್ನೆಯೇ, ಬೇರೆ ರೂಪದಲ್ಲಿ. ಆಗ ತಂತಿ ಇಲ್ಲದವನು ಹೊರಗುಳಿದ. ಈಗ ಸ್ವಂತ ಗೋಡೆ ಇಲ್ಲದವರು ಹೊರಗುಳಿಯುವ ಅಪಾಯವಿದೆ. ಬಾಡಿಗೆ ಮನೆಯಲ್ಲಿರುವವರು, ಬಹುಮಹಡಿ ಕಟ್ಟಡದ ನಾಲ್ಕನೆಯ ಅಂತಸ್ತಿನವರು, ಬೀದಿಯಲ್ಲೇ ವಾಹನ ನಿಲ್ಲಿಸುವವರು ಪೆಟ್ಟಿಗೆಯನ್ನು ಎಲ್ಲಿ ಹಾಕಬೇಕು? ಫ್ರಾನ್ಸ್ 2010ರಲ್ಲಿ ಕಾನೂನು ಮಾಡಿ, ಬಹುಮಹಡಿ ಕಟ್ಟಡದ ನಿವಾಸಿಗಳಿಗೆ ತಮ್ಮ ಖರ್ಚಿನಲ್ಲಿ ಚಾರ್ಜಿಂಗ್ ವ್ಯವಸ್ಥೆ ಮಾಡಿಕೊಳ್ಳುವ ಹಕ್ಕನ್ನು ಕೊಟ್ಟಿತು. ಭಾರತದಲ್ಲಿ 2019ರಲ್ಲಿ ಮಾದರಿ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ವಾಹನ ನಿಲುಗಡೆಯ ಶೇಕಡ 20ರಷ್ಟು ಜಾಗದಲ್ಲಿ ಚಾರ್ಜಿಂಗ್ ಸೌಲಭ್ಯವಿರಬೇಕೆಂದು ಸೂಚಿಸಲಾಯಿತು. ಮಾದರಿ ನಿಯಮ ಎಂದರೆ ಸೂಚನೆ. ಅದು ಜಾರಿಗೆ ಬರುವುದು ರಾಜ್ಯಗಳು ಮತ್ತು ನಗರಸಂಸ್ಥೆಗಳು ಅದನ್ನು ತಮ್ಮ ನಿಯಮವಾಗಿ ಮಾಡಿಕೊಂಡಾಗ.

ನೀವು ನಾಳೆ ಎಂಜಿನಿಯರ್ ಆಗಬಹುದು, ವಕೀಲರಾಗಬಹುದು, ನಗರಸಭೆಯ ಸದಸ್ಯರಾಗಬಹುದು. ಗಾಜಿನ ಬುರುಡೆ ಎಷ್ಟು ಜಾಣತನದ ವಸ್ತುವಾಗಿದ್ದರೂ ತಂತಿಯಿಲ್ಲದ ಮನೆಗೆ ಅದು ನಿರುಪಯೋಗಿಯಾಗಿತ್ತು ಎಂಬುದನ್ನು ಆಗ ನೆನಪಿಡಿ. ಸದ್ಯಕ್ಕೆ, ನಿಮ್ಮ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನೋಡಿ. ನಿಮ್ಮ ಬೀದಿಯ ಹತ್ತು ಮನೆಗಳಲ್ಲಿ ಎಷ್ಟು ಮನೆಗೆ ವಾಹನ ನಿಲ್ಲಿಸಲು ಸ್ವಂತ ಜಾಗವಿದೆ ಎಂದು ಎಣಿಸಿ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದುಕೊಂಡು ನಿಮ್ಮ ತರಗತಿಯಲ್ಲಿ ಚರ್ಚಿಸಿ.