ಹದಿನೈದು ವಿದ್ಯಾರ್ಥಿಗಳು ಮತ್ತು ಒಂದು ಪೊರಕೆ

'ಇಲಿ ಬಿತ್ತು' ಎಂಬ ಮಾತನ್ನು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ಮನೆಯ ಸಂದಿಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಪ್ಲೇಗು ಬಂತೆಂದೇ ಅರ್ಥ. ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟು, ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಬೆಂಗಳೂರಿಗೆ ಈ ಮಾರಿ ಕಾಲಿಟ್ಟದ್ದು 1898ರಲ್ಲಿ. ಅದೇ ವರ್ಷ ಕಲ್ಕತ್ತೆಯಲ್ಲಿಯೂ ಅದು ಕಾಣಿಸಿಕೊಂಡಿತು. ಅಲ್ಲಿ ಕೆಲವು ಯುವಕರು ಮಾಡಿದ ಕೆಲಸವನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಯುದ್ಧಗಳ ಮತ್ತು ವೈಸರಾಯ್‌ಗಳ ಇಸವಿಗಳ ನಡುವೆ ಇಂಥ ಸಂಗತಿಗಳು ಸುಲಭವಾಗಿ ಮರೆಯಾಗಿಬಿಡುತ್ತವೆ.

ಮೊದಲು ಆ ಕಾಲದ ಭಯವನ್ನು ಅರ್ಥ ಮಾಡಿಕೊಳ್ಳಿ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿತು. 1897ರಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಪುಣೆಯಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗಿ ತಪಾಸಣೆ ನಡೆಸಿದರು; ರೋಗಿಗಳನ್ನು ಎಳೆದೊಯ್ದರು. ರೋಗಕ್ಕಿಂತ ತಪಾಸಣೆಗೇ ಜನ ಹೆಚ್ಚು ಹೆದರಿದರು. ಸಹಜವಾಗಿಯೇ ರೋಗಿಗಳನ್ನು ಬಚ್ಚಿಟ್ಟರು, ರೋಗ ಇನ್ನಷ್ಟು ಹಬ್ಬಿತು. ಅದೇ ಪುಣೆಯಲ್ಲಿ ರೋಗಿಗಳ ಶುಶ್ರೂಷೆಗೆ ನಿಂತ ಸಾವಿತ್ರಿಬಾಯಿ ಫುಲೆಯವರು ತಾವೇ ಸೋಂಕಿಗೆ ತುತ್ತಾಗಿ 1897ರ ಮಾರ್ಚ್ 10ರಂದು ತೀರಿಕೊಂಡರು. ಹಾಗಾಗಿ ಪ್ಲೇಗಿನ ಸೇವೆ ಎಂದರೆ ಪ್ರಾಣವನ್ನೇ ಪಣಕ್ಕಿಡುವ ಮಾತಾಗಿತ್ತು.

1898ರ ಮೇ ತಿಂಗಳಲ್ಲಿ ಕಲ್ಕತ್ತೆಯ ಜನ ಗುಂಪುಗುಂಪಾಗಿ ನಗರ ಬಿಡತೊಡಗಿದರು. ಬಲವಂತವಾಗಿ ಚುಚ್ಚುಮದ್ದು ಹಾಕುತ್ತಾರಂತೆ ಎಂಬ ವದಂತಿ ಬೇರೆ. ಡಾರ್ಜಿಲಿಂಗಿನಿಂದ ಬಂದ ಸ್ವಾಮಿ ವಿವೇಕಾನಂದರು ವದಂತಿಗಳಿಗೆ ಕಿವಿಗೊಡಬೇಡಿ, ಮನೆ ಮೈ ಶುಚಿಯಾಗಿಡಿ, ಯಾರೂ ದಿಕ್ಕಿಲ್ಲದವರು ಮಠಕ್ಕೆ ಸುದ್ದಿ ಕಳುಹಿಸಿ ಎಂದು ಕರಪತ್ರ ಹೊರಡಿಸಿದರು. ಹಣ ಸಾಲದಿದ್ದರೆ ಮಠಕ್ಕೆಂದು ಆಗತಾನೆ ಕೊಂಡಿದ್ದ ಜಮೀನನ್ನೇ ಮಾರಲು ಅವರು ಸಿದ್ಧರಾಗಿದ್ದರು. ಆ ವರ್ಷ ರೋಗ ಹೆಚ್ಚು ಉಲ್ಬಣಿಸಲಿಲ್ಲ.

ಮರುವರ್ಷ, 1899ರ ಮಾರ್ಚಿನಲ್ಲಿ, ಅದು ಮತ್ತೆ ಬಂತು. ರಾಮಕೃಷ್ಣ ಮಿಷನ್ ಒಂದು ಸಮಿತಿ ರಚಿಸಿತು. ಅದರ ಕಾರ್ಯದರ್ಶಿ ಸೋದರಿ ನಿವೇದಿತಾ. ಐರ್ಲೆಂಡಿನಲ್ಲಿ ಹುಟ್ಟಿದ ಮಾರ್ಗರೆಟ್ ನೋಬಲ್ ಎಂಬ ಈ ಶಾಲಾ ಉಪಾಧ್ಯಾಯಿನಿ ಭಾರತಕ್ಕೆ ಬಂದು ಆಗಿನ್ನೂ ಸುಮಾರು ಒಂದು ವರ್ಷವಾಗಿತ್ತು, ವಯಸ್ಸು 31. ಸ್ವಾಮಿ ಸದಾನಂದರು ಜಾಡಮಾಲಿಗಳನ್ನು ಜೊತೆಗೆ ಕರೆದುಕೊಂಡು ಬಾಗಬಜಾರ್, ಶ್ಯಾಮಬಜಾರ್‌ಗಳ ಕೊಳೆಗೇರಿಗಳನ್ನು ಶುಚಿ ಮಾಡಿಸಲು ಹೊರಟರು. ಮುಂದೆ ದೊಡ್ಡ ಇತಿಹಾಸಕಾರರೆನಿಸಿದ ಜದುನಾಥ ಸರ್ಕಾರರು, ಬಾಗಬಜಾರಿನ ಬೀದಿಯಲ್ಲಿ ಬಿಳಿಯ ಹೆಂಗಸೊಬ್ಬಳು ಪೊರಕೆ, ಬುಟ್ಟಿ ಹಿಡಿದು ಗುಡಿಸುತ್ತಿದ್ದುದನ್ನು ಕಂಡದ್ದಾಗಿ ನೆನೆದಿದ್ದಾರೆ. ಅದನ್ನು ನೋಡಿದ ಮೇಲೆ ಬೀದಿಯ ಹುಡುಗರಿಗೆ ಸುಮ್ಮನೆ ನಿಲ್ಲಲು ನಾಚಿಕೆಯಾಯಿತು. ಅವರೂ ಪೊರಕೆ ಹಿಡಿದರು. ಗುಡಿಸುವುದು ಯಾವುದೋ ಒಂದು ಜಾತಿಯ ಪಾಡು ಎಂದು ತಿಳಿದಿದ್ದ ಕಾಲ ಅದು ಎಂಬುದನ್ನು ಮರೆಯಬೇಡಿ.

ಏಪ್ರಿಲ್‌ನಲ್ಲಿ ಕ್ಲಾಸಿಕ್ ರಂಗಮಂದಿರದಲ್ಲಿ ಒಂದು ಸಭೆ ನಡೆಯಿತು. ಪ್ಲೇಗು ಮತ್ತು ವಿದ್ಯಾರ್ಥಿಗಳ ಕರ್ತವ್ಯ ಎಂಬುದು ನಿವೇದಿತಾ ಅವರ ಭಾಷಣದ ವಿಷಯ, ವಿವೇಕಾನಂದರದು ಅಧ್ಯಕ್ಷತೆ. ಭಾಷಣ ಮುಗಿದ ಮೇಲೆ ಹೆಸರು ಕೊಟ್ಟ ವಿದ್ಯಾರ್ಥಿಗಳು ಸುಮಾರು ಹದಿನೈದು ಮಂದಿ. ಅಷ್ಟೇಯೆ ಎಂದು ನಗಬೇಡಿ. ಕಂಡವರೆಲ್ಲ ಊರು ಬಿಟ್ಟು ಓಡುತ್ತಿದ್ದಾಗ ರೋಗದ ಮನೆಗೆ ಕಾಲಿಡಲು ಒಪ್ಪಿದವರು ಇವರು. ಗುಡಿಸಲಿನಿಂದ ಗುಡಿಸಲಿಗೆ ಹೋಗುವುದು, ಶುಚಿತ್ವದ ಕರಪತ್ರ ಹಂಚುವುದು, ಜನರೊಡನೆ ಕುಳಿತು ಮಾತನಾಡುವುದು ಅವರ ಕೆಲಸ. ಭಾನುವಾರ ಸೇರಿ ವರದಿ ಒಪ್ಪಿಸಬೇಕು. ಸರ್ಕಾರದ ಸಿಪಾಯಿ ಬಂದಾಗ ಮುಚ್ಚಿಕೊಳ್ಳುತ್ತಿದ್ದ ಬಾಗಿಲು ಈ ಹುಡುಗರಿಗೆ ತೆರೆದುಕೊಳ್ಳಬೇಕಾಗಿತ್ತು. ಔಷಧಕ್ಕಿಂತ ಮೊದಲು ಬೇಕಾಗಿದ್ದದ್ದು ನಂಬಿಕೆ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿಯಿದೆ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರು. ಸತ್ತ ಇಲಿಯ ಮೈಯಿಂದ ಹಾರುವ ಚಿಗಟವೇ ರೋಗ ಹರಡುತ್ತದೆಂದು ಸಿಮೋಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ತೋರಿಸಿದರು. ಆದರೆ ವಿದ್ವಾಂಸರು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು. ಹಾಗಾಗಿ ಕೊಳೆಯೇ ಶತ್ರುವೆಂದು ತಿಳಿದು ನಮ್ಮ ಸ್ವಯಂಸೇವಕರು ಕಸ ಗುಡಿಸಿದರು. ಅವರ ತಿಳಿವಳಿಕೆ ಅರ್ಧ ನಿಜ. ಆದರೂ ಕಸದ ರಾಶಿ ಹೋದಲ್ಲಿ ಇಲಿಗೆ ಆಹಾರವೂ ಕಡಿಮೆಯಾಗುತ್ತದೆ ತಾನೆ?

ಈ ದಿನಗಳ ಒಂದು ನೋಟವನ್ನು ಡಾ. ರಾಧಾಗೋವಿಂದ ಕರ್ ಬರೆದಿಟ್ಟಿದ್ದಾರೆ. ಅವರು ರೋಗಿಗಳನ್ನು ನೋಡಿ ಮಧ್ಯಾಹ್ನ ಮನೆಗೆ ಮರಳಿದಾಗ ಬಾಗಿಲ ಬಳಿ ನಿವೇದಿತಾ ಕಾದಿದ್ದರು. ಬಾಗಬಜಾರಿನ ಕೇರಿಯಲ್ಲಿದ್ದ ಒಂದು ರೋಗಿ ಮಗುವಿನ ಸ್ಥಿತಿಯನ್ನು ವಿಚಾರಿಸಲು ಬಂದಿದ್ದರು. ಮಗುವಿನ ತಾಯಿ ಆಗಲೇ ತೀರಿಹೋಗಿದ್ದಳು. ಮಗು ಉಳಿಯುವುದು ಕಷ್ಟ, ಎಚ್ಚರಿಕೆಯಿಂದಿರಿ ಎಂದು ವೈದ್ಯರು ಹೇಳಿದರು. ಸಂಜೆಯ ಹೊತ್ತಿಗೆ ಅವರು ಆ ಗುಡಿಸಲಿಗೆ ಹೋಗಿ ನೋಡುತ್ತಾರೆ: ತೇವದ, ಮುರುಕಲು ಕೋಣೆಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನಿವೇದಿತಾ ಕುಳಿತಿದ್ದಾರೆ. ಹಗಲಿರುಳು ಅಲ್ಲೇ ಇದ್ದರು. ಗುಡಿಸಲಿನ ಸೋಂಕು ತೊಳೆಯಬೇಕಾಗಿ ಬಂದಾಗ ಒಂದು ಚಿಕ್ಕ ಏಣಿ ಹಾಕಿಕೊಂಡು ತಾವೇ ಗೋಡೆಗೆ ಸುಣ್ಣ ಬಳಿದರು. ಸಾವು ಖಚಿತವೆಂದು ಗೊತ್ತಿದ್ದರೂ ಆರೈಕೆ ನಿಲ್ಲಿಸಲಿಲ್ಲ. ಎರಡು ದಿನದ ಮೇಲೆ ಮಗು ಅವರ ತೋಳಿನಲ್ಲೇ ಕಣ್ಣು ಮುಚ್ಚಿತು.