ಹಳೆಯ ಮೊಬೈಲ್ ನಂಬರ್ ಬಿಡುವ ಮುನ್ನ: ಅದು ಬೇರೆಯವರ ಕೈ ಸೇರುವುದು ಹೇಗೆ? ಏನೇನು ಬದಲಿಸಿಕೊಳ್ಳಬೇಕು?

ಊರಿನಲ್ಲಿ ಕಾಲೇಜು ಓದುವಾಗ ತೆಗೆದುಕೊಂಡ ಸಿಮ್ ಒಂದು. ಕೆಲಸಕ್ಕೆಂದು ಮುಂಬೈಗೋ ಪುಣೆಗೋ ಬಂದ ಮೇಲೆ ತೆಗೆದುಕೊಂಡದ್ದು ಇನ್ನೊಂದು. ಫೋನ್‌ನಲ್ಲಿ ಎರಡು ಸಿಮ್‌ಗೆ ಜಾಗವಿದ್ದರೂ ಎರಡಕ್ಕೂ ತಪ್ಪದೇ ರೀಚಾರ್ಜ್ ಮಾಡಿಸುವುದು ದುಬಾರಿ. ಕೊನೆಗೊಂದು ದಿನ ಹಳೆಯದಕ್ಕೆ ದುಡ್ಡು ಹಾಕುವುದು ನಿಲ್ಲುತ್ತದೆ, ಸಿಮ್ ಮೇಜಿನ ಡ್ರಾಯರ್ ಸೇರುತ್ತದೆ. ವರ್ಷದ ಬಳಿಕ ಆ ನಂಬರ್‌ಗೆ ಕರೆ ಮಾಡಿದರೆ ಆ ಕಡೆಯಿಂದ 'ಹಲೋ' ಎನ್ನುವುದು ಯಾರೋ ಅಪರಿಚಿತರು.

ಇದು ಹ್ಯಾಕಿಂಗ್ ಅಲ್ಲ, ವಂಚನೆಯೂ ಅಲ್ಲ. ನಿಯಮದ ಪ್ರಕಾರವೇ ನಡೆಯುವ ಮರುಹಂಚಿಕೆ. ಸಮಸ್ಯೆ ಇರುವುದು ನಂಬರ್‌ನಲ್ಲಿ ಅಲ್ಲ, ಅದಕ್ಕೆ ಜೋಡಿಸಿ ಮರೆತುಹೋದ ಖಾತೆಗಳಲ್ಲಿ. ಬ್ಯಾಂಕ್, ಆಧಾರ್, ಇಮೇಲ್, ವಾಟ್ಸಾಪ್ ಎಲ್ಲವೂ ಹಳೆಯ ನಂಬರ್‌ಗೇ ಒಟಿಪಿ ಕಳುಹಿಸುತ್ತಿದ್ದರೆ ಆ ಒಟಿಪಿ ಈಗ ತಲುಪುವುದು ಬೇರೆಯವರ ಫೋನ್‌ಗೆ.

ನಂಬರ್ ಮರುಹಂಚಿಕೆ ಯಾಕೆ?

ದೇಶದಲ್ಲಿ 110 ಕೋಟಿಗೂ ಹೆಚ್ಚು ಮೊಬೈಲ್ ಸಂಪರ್ಕಗಳಿವೆ. ಭಾರತದಲ್ಲಿ ಮೊಬೈಲ್ ನಂಬರ್‌ಗೆ 10 ಅಂಕಿ, ಮೊದಲ ಅಂಕಿ 6, 7, 8 ಅಥವಾ 9. ಲೆಕ್ಕ ಹಾಕಿದರೆ ಒಟ್ಟು 400 ಕೋಟಿ ನಂಬರ್‌ಗಳು ಸಾಧ್ಯ. ಕೇಳಲು ಇದು ದೊಡ್ಡ ಸಂಖ್ಯೆಯೇ. ಆದರೆ ಇವುಗಳನ್ನು ಟೆಲಿಕಾಂ ಕಂಪನಿಗಳಿಗೆ ವಲಯವಾರು ದೊಡ್ಡ ಗುಂಪುಗಳಲ್ಲಿ ಹಂಚಲಾಗುತ್ತದೆ. ಬಳಕೆಯಲ್ಲಿಲ್ಲದ ನಂಬರ್‌ಗಳನ್ನು ಹಾಗೇ ಬಿಟ್ಟರೆ ಹೊಸ ಗ್ರಾಹಕರಿಗೆ ಕೊಡಲು ಕೊರತೆಯಾಗುತ್ತದೆ. ಹೀಗಾಗಿ ಒಬ್ಬರು ಬಿಟ್ಟ ನಂಬರ್ ಇನ್ನೊಬ್ಬರಿಗೆ ಹೋಗುತ್ತದೆ.

ನಂಬರ್ ಗ್ರಾಹಕರ ಆಸ್ತಿಯಲ್ಲ. ಸಂಪರ್ಕ ಚಾಲ್ತಿಯಲ್ಲಿರುವಷ್ಟು ದಿನ ಬಳಸುವ ಅವಕಾಶ ಮಾತ್ರ ಇರುತ್ತದೆ. ಬಾಡಿಗೆ ಮನೆ ಬಿಟ್ಟ ಮೇಲೂ ಹಳೆಯ ವಿಳಾಸಕ್ಕೆ ಅಂಚೆ ಬರುತ್ತಲೇ ಇರುತ್ತದಲ್ಲ, ಇದೂ ಹಾಗೆಯೇ.

90 ದಿನಗಳ ಲೆಕ್ಕ

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2013ರಲ್ಲಿ ತಂದ ನಿಯಮದ ಪ್ರಕಾರ ಬಳಕೆ ಇಲ್ಲವೆಂಬ ಕಾರಣಕ್ಕೆ ಪ್ರೀಪೇಯ್ಡ್ ಸಂಪರ್ಕವನ್ನು 90 ದಿನಗಳಿಗೆ ಮೊದಲು ಕಡಿತಗೊಳಿಸುವಂತಿಲ್ಲ. ಕರೆ, ಎಸ್ಎಂಎಸ್, ಡೇಟಾ ಇವುಗಳಲ್ಲಿ ಯಾವುದಾದರೂ ಒಂದನ್ನು ಬಳಸಿದರೂ ಅದು ಬಳಕೆ ಎಂದೇ ಲೆಕ್ಕ. 90 ದಿನ ಕಳೆದಾಗ ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಕಂಪನಿ ಆ ಹಣ ಪಡೆದು ಇನ್ನೂ 30 ದಿನ ನಂಬರ್ ಉಳಿಸಬಹುದು. ಅಷ್ಟೂ ಇಲ್ಲದಿದ್ದರೆ ಸಂಪರ್ಕ ಕಡಿತವಾಗುತ್ತದೆ. ಆ ಬಳಿಕವೂ ನಂಬರ್ ಮರಳಿ ಪಡೆಯಲು 15 ದಿನಗಳ ಕಾಲಾವಕಾಶವಿದೆ.

ಕಡಿತವಾದ ನಂಬರ್ ಮರುದಿನವೇ ಬೇರೆಯವರಿಗೆ ಹೋಗುವುದಿಲ್ಲ. ಅದನ್ನು ಕನಿಷ್ಠ 90 ದಿನ ಯಾರಿಗೂ ಕೊಡುವುದಿಲ್ಲ ಎಂದು ಟ್ರಾಯ್ ಸುಪ್ರೀಂ ಕೋರ್ಟ್‌ಗೆ ತಿಳಿಸಿದೆ. ಅಂದರೆ ಸಿಮ್ ಬಳಸುವುದು ನಿಲ್ಲಿಸಿದ ದಿನದಿಂದ ಹಿಡಿದರೆ ಸುಮಾರು ಆರು ತಿಂಗಳ ನಂತರ ನಂಬರ್ ಹೊಸಬರ ಕೈ ಸೇರಬಹುದು. ಖಾತೆಗಳನ್ನು ಬದಲಿಸಿಕೊಳ್ಳಲು ಈ ಆರು ತಿಂಗಳು ಸಾಕು ಎನಿಸಬಹುದು. ಆದರೆ ಸಂಪರ್ಕ ಕಡಿತವಾದ ದಿನದಿಂದಲೇ ಒಟಿಪಿ ಬರುವುದು ನಿಲ್ಲುತ್ತದೆ ಎಂಬುದನ್ನು ಮರೆಯುವಂತಿಲ್ಲ. ಹಲವು ಖಾತೆಗಳಲ್ಲಿ ನಂಬರ್ ಬದಲಿಸಲು ಹಳೆಯ ನಂಬರ್‌ಗೇ ಒಟಿಪಿ ಬರಬೇಕು.

ಹೊಸ ಗ್ರಾಹಕರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ?

ವಾಟ್ಸಾಪ್: ಹಳೆಯ ಸಂದೇಶಗಳು ಹಳೆಯ ಫೋನ್‌ನಲ್ಲೇ ಇರುತ್ತವೆ, ನಂಬರ್ ಜೊತೆ ಹೋಗುವುದಿಲ್ಲ. ಖಾತೆಯನ್ನು 45 ದಿನ ಬಳಸದೇ ಇದ್ದು, ನಂತರ ಅದೇ ನಂಬರ್‌ನಲ್ಲಿ ಬೇರೆ ಫೋನ್‌ನಿಂದ ಖಾತೆ ತೆರೆದರೆ ಹಳೆಯ ಪ್ರೊಫೈಲ್ ಚಿತ್ರ ಮತ್ತು ವಿವರಗಳನ್ನು ವಾಟ್ಸಾಪ್ ಅಳಿಸುತ್ತದೆ. ತೊಂದರೆಯಾಗುವುದು ಸಿಮ್ ಬಿಟ್ಟರೂ ವೈಫೈ ಮೂಲಕ ಅದೇ ನಂಬರ್‌ನ ವಾಟ್ಸಾಪ್ ಮುಂದುವರಿಸಿದವರಿಗೆ. ಅವರ ಖಾತೆ ಬಳಕೆಯಲ್ಲೇ ಇರುವುದರಿಂದ 45 ದಿನದ ರಕ್ಷಣೆ ಅನ್ವಯಿಸುವುದಿಲ್ಲ. ಹೊಸ ಗ್ರಾಹಕರು ಒಟಿಪಿ ಹಾಕಿ ನೋಂದಾಯಿಸಿದ ಕ್ಷಣ ಹಳಬರ ಫೋನ್‌ನಲ್ಲಿ ಖಾತೆ ಲಾಗ್ ಔಟ್ ಆಗುತ್ತದೆ. ಕುಟುಂಬದ ಗ್ರೂಪ್, ಕಚೇರಿಯ ಗ್ರೂಪ್‌ಗಳಿಗೆ ಮುಂದೆ ಬರುವ ಸಂದೇಶಗಳು ಹೊಸಬರಿಗೆ ಕಾಣತೊಡಗುತ್ತವೆ. ಎರಡು ಹಂತದ ಪರಿಶೀಲನೆಯ 6 ಅಂಕಿಯ ಪಿನ್ ಹಾಕಿದ್ದರೆ ಸ್ವಲ್ಪ ತಡೆ ಸಿಗುತ್ತದೆ. ಆದರೆ ಅದು ಶಾಶ್ವತ ಬೀಗವಲ್ಲ.

ಯುಪಿಐ: ನಂಬರ್ ಸಿಕ್ಕ ಮಾತ್ರಕ್ಕೆ ಹಣ ತೆಗೆಯಲಾಗದು. ಆ್ಯಪ್ ನೋಂದಣಿಗೆ ಸಿಮ್‌ನಿಂದ ಎಸ್ಎಂಎಸ್ ಹೋಗಬೇಕು ನಿಜ. ಆದರೆ ಹೊಸದಾಗಿ ಯುಪಿಐ ಪಿನ್ ಹೊಂದಿಸಲು ಡೆಬಿಟ್ ಕಾರ್ಡ್‌ನ ಕೊನೆಯ ಆರು ಅಂಕಿ ಮತ್ತು ಅವಧಿ, ಇಲ್ಲವೇ ಆಧಾರ್ ವಿವರ ಬೇಕು. ಇಲ್ಲಿರುವ ನಿಜವಾದ ಅಪಾಯ ಬೇರೆ. ಹಳೆಯ ನಂಬರ್ ನೋಡಿ ಹಣ ಕಳುಹಿಸುವ ಸ್ನೇಹಿತರು, ಸಂಬಂಧಿಕರ ದುಡ್ಡು ತಪ್ಪು ಖಾತೆಗೆ ಹೋಗಬಹುದು.

ಬ್ಯಾಂಕ್: ಬ್ಯಾಲೆನ್ಸ್, ವಹಿವಾಟಿನ ಎಸ್ಎಂಎಸ್‌ಗಳು ಅಪರಿಚಿತರಿಗೆ ಹೋಗುತ್ತವೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಎಂದರೆ, ಖಾತೆಯಲ್ಲಿ ಅಕ್ರಮ ವಹಿವಾಟು ನಡೆದರೂ ಖಾತೆದಾರರಿಗೆ ಎಚ್ಚರಿಕೆಯ ಸಂದೇಶ ಬರುವುದಿಲ್ಲ.

ಇಮೇಲ್ ಮತ್ತು ಸಾಮಾಜಿಕ ಜಾಲತಾಣ: 'ಪಾಸ್‌ವರ್ಡ್ ಮರೆತಿದ್ದೀರಾ?' ಎಂಬಲ್ಲಿ ಒತ್ತಿ, ಎಸ್ಎಂಎಸ್‌ನಲ್ಲಿ ಬಂದ ಸಂಕೇತವನ್ನು ಹಾಕಿದರೆ ಹಲವು ಖಾತೆಗಳು ತೆರೆದುಕೊಳ್ಳುತ್ತವೆ. ಇಮೇಲ್ ಒಂದು ಕೈತಪ್ಪಿದರೆ ಅದಕ್ಕೆ ಜೋಡಿಸಿದ ಉಳಿದ ಖಾತೆಗಳಿಗೂ ದಾರಿ ಸಿಗುತ್ತದೆ.

ಹೊಸ ಆ್ಯಪ್ ಪ್ರಯೋಗಿಸುವವರಿಗೆ ಹೆಚ್ಚಿನ ಎಚ್ಚರ

ತಂತ್ರಜ್ಞಾನದ ಬಗ್ಗೆ ತಿಳಿದವರಿಗೆ ಈ ಸಮಸ್ಯೆ ಬಾರದು ಎಂದುಕೊಳ್ಳುವುದು ತಪ್ಪು. ಹೊಸ ಆ್ಯಪ್ ಬಂದ ಕೂಡಲೇ ಹಾಕಿಕೊಂಡು ನೋಡುವವರು, ಜಾಹೀರಾತು ಕರೆಗಳ ಕಾಟ ತಪ್ಪಿಸಲು ಶಾಪಿಂಗ್ ತಾಣಗಳಿಗೆಂದೇ ಎರಡನೇ ಸಿಮ್ ಇಟ್ಟುಕೊಂಡವರು ಸಾಕಷ್ಟಿದ್ದಾರೆ. ಅಂಥವರು ನಂಬರ್ ಕೊಟ್ಟಿರುವ ಜಾಗಗಳೂ ಹೆಚ್ಚು. ಖಾಸಗಿತನ ಕಾಪಾಡಲೆಂದು ತೆಗೆದುಕೊಂಡ ಆ ಎರಡನೇ ಸಿಮ್ಮೇ ಮೊದಲು ರೀಚಾರ್ಜ್ ತಪ್ಪುವ ಸಿಮ್ ಕೂಡ.

ಅಧ್ಯಯನ ಹೇಳಿದ್ದೇನು?

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಈ ವಿಷಯದ ಅಧ್ಯಯನವೊಂದನ್ನು ಪ್ರಕಟಿಸಿದರು. ಅಲ್ಲಿನ ಎರಡು ದೊಡ್ಡ ಟೆಲಿಕಾಂ ಕಂಪನಿಗಳು ಹೊಸ ಗ್ರಾಹಕರಿಗೆ ಕೊಡಲು ಇಟ್ಟಿದ್ದ 259 ನಂಬರ್‌ಗಳನ್ನು ಅವರು ಪರಿಶೀಲಿಸಿದರು. ಅವುಗಳಲ್ಲಿ 171 ನಂಬರ್‌ಗಳು ಜನಪ್ರಿಯ ತಾಣಗಳಲ್ಲಿನ ಹಳಬರ ಖಾತೆಗಳಿಗೆ ಇನ್ನೂ ಜೋಡಣೆಯಾಗಿಯೇ ಇದ್ದವು. ಅಂದರೆ ಮೂರರಲ್ಲಿ ಎರಡು ಭಾಗ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ ಇರಬಹುದು, ಆದರೆ ನಂಬರ್ ಬಿಡುವಾಗ ಖಾತೆ ಮರೆಯುವ ಅಭ್ಯಾಸ ಎಲ್ಲ ಕಡೆಯೂ ಇದೆ.

ಸುಪ್ರೀಂ ಕೋರ್ಟ್ ಏನು ಹೇಳಿತು?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತ್ತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಗಾದರೆ ನಂಬರ್ ಮರುಹಂಚಿಕೆ ಈ ಹಕ್ಕಿಗೆ ಧಕ್ಕೆಯಲ್ಲವೇ? ಕಡಿತಗೊಂಡ ನಂಬರ್‌ಗಳನ್ನು ಬೇರೆಯವರಿಗೆ ಕೊಡದಂತೆ ಕೋರಿದ್ದ ಅರ್ಜಿ 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಟ್ರಾಯ್ ಹೇಳಿದ 90 ದಿನಗಳ ಅಂತರ ಹಾಗೂ ವಾಟ್ಸಾಪ್‌ನ 45 ದಿನಗಳ ನಿಯಮವನ್ನು ಪರಿಗಣಿಸಿದ ಕೋರ್ಟ್, ಖಾಸಗಿತನ ಕಾಪಾಡಿಕೊಳ್ಳಲು ತಕ್ಕ ಕ್ರಮ ಕೈಗೊಳ್ಳುವುದು ಹಿಂದಿನ ಗ್ರಾಹಕರ ಹೊಣೆ ಎಂದು ಹೇಳಿ ವಿಚಾರಣೆ ಮುಗಿಸಿತು. ಸದ್ಯದ ಮಟ್ಟಿಗೆ ಎಚ್ಚರ ವಹಿಸಬೇಕಾದವರು ನಂಬರ್ ಬಿಡುವವರೇ.

ಬ್ಯಾಂಕ್‌ಗೆ ತಾನಾಗಿಯೇ ಗೊತ್ತಾಗುವುದಿಲ್ಲವೇ?

ಶಾಶ್ವತವಾಗಿ ಕಡಿತಗೊಂಡ ನಂಬರ್‌ಗಳ ಪಟ್ಟಿಯೊಂದು 2021ರ ಏಪ್ರಿಲ್‌ನಿಂದ ಸಿದ್ಧವಾಗುತ್ತಿದೆ. ಈ ಪಟ್ಟಿ ಬಳಸಿ ಗ್ರಾಹಕರ ದಾಖಲೆಗಳನ್ನು ಸರಿಪಡಿಸಿಕೊಳ್ಳುವಂತೆ ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕ್‌ಗಳಿಗೆ ಸೂಚಿಸಿದೆ. ಇದರಿಂದ ಬ್ಯಾಂಕ್‌ಗಳು ಹಳೆಯ ನಂಬರ್ ತೆಗೆಯಬಹುದು, ಆದರೆ ಹೊಸ ನಂಬರ್ ಯಾವುದೆಂದು ಗ್ರಾಹಕರೇ ತಿಳಿಸಬೇಕು. ಇನ್ನು ಇಮೇಲ್, ಶಾಪಿಂಗ್, ಸಾಮಾಜಿಕ ಜಾಲತಾಣಗಳ ಖಾತೆಗಳಿಗೆ ಈ ಸೂಚನೆ ಅನ್ವಯಿಸುವುದಿಲ್ಲ.

ನಂಬರ್ ಬಿಡುವ ಮುನ್ನ ಮಾಡಬೇಕಾದ ಕೆಲಸಗಳು

ಹಳೆಯ ಸಿಮ್ ಚಾಲ್ತಿಯಲ್ಲಿ ಇರುವಾಗಲೇ ಇವುಗಳನ್ನು ಮುಗಿಸಬೇಕು. ಕ್ರಮವೂ ಮುಖ್ಯ.

1. ಪಟ್ಟಿ ಮಾಡಿ: ಹಳೆಯ ಸಿಮ್‌ನ ಎಸ್ಎಂಎಸ್ ಪೆಟ್ಟಿಗೆ ತೆರೆದು 'ಒಟಿಪಿ' ಎಂದು ಹುಡುಕಿದರೆ ಯಾವ್ಯಾವ ಸಂಸ್ಥೆಗಳು ಆ ನಂಬರ್ ಬಳಸುತ್ತಿವೆ ಎಂಬ ಪಟ್ಟಿ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.

2. ಆಧಾರ್: ಇದನ್ನೇ ಮೊದಲು ಬದಲಿಸಬೇಕು. ಭವಿಷ್ಯ ನಿಧಿ, ಆದಾಯ ತೆರಿಗೆ ಸೇರಿದಂತೆ ಹಲವು ಸೇವೆಗಳ ಒಟಿಪಿ ಆಧಾರ್‌ಗೆ ಜೋಡಿಸಿದ ನಂಬರ್‌ಗೇ ಬರುತ್ತದೆ. ಯಾವುದೇ ರಾಜ್ಯದ ಆಧಾರ್ ಸೇವಾ ಕೇಂದ್ರದಲ್ಲಿ ಬೆರಳಚ್ಚು ನೀಡಿ ನಂಬರ್ ಬದಲಿಸಿಕೊಳ್ಳಬಹುದು, ಊರಿಗೇ ಹೋಗಬೇಕಿಲ್ಲ. ಹಳೆಯ ಸಿಮ್ ಇಲ್ಲದಿದ್ದರೂ ಇಲ್ಲಿ ಕೆಲಸ ಆಗುತ್ತದೆ. ಸಹಾಯವಾಣಿ 1947.

3. ಬ್ಯಾಂಕ್: ಸಂಬಳದ ಖಾತೆ ಒಂದನ್ನೇ ನೋಡಿದರೆ ಸಾಲದು. ಊರಿನ ಶಾಖೆಯಲ್ಲಿ ಓದುವಾಗ ತೆರೆದ ಉಳಿತಾಯ ಖಾತೆ, ಅಪ್ಪ ಅಮ್ಮನ ಖಾತೆಗೆ ಕೊಟ್ಟಿರುವ ಮಕ್ಕಳ ನಂಬರ್, ವಿಮೆ, ಮ್ಯೂಚುವಲ್ ಫಂಡ್, ಡಿಮ್ಯಾಟ್ ಎಲ್ಲವನ್ನೂ ನೋಡಬೇಕು.

4. ಇಮೇಲ್: ಮರುಪಡೆಯುವ ನಂಬರ್ ಬದಲಿಸಿ. ಸಾಧ್ಯವಿದ್ದಲ್ಲಿ ಎಸ್ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಅಥವಾ ಪಾಸ್‌ಕೀ ಬಳಸಿ. ಗೂಗಲ್ ಖಾತೆಯಲ್ಲಿ ಸಿಗುವ 10 ಬ್ಯಾಕಪ್ ಸಂಕೇತಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಂಬರ್ ಹೋದರೂ ಇವು ಕೆಲಸಕ್ಕೆ ಬರುತ್ತವೆ.

5. ವಾಟ್ಸಾಪ್: ಸೆಟ್ಟಿಂಗ್ಸ್‌ನಲ್ಲಿ ನಂಬರ್ ಬದಲಿಸುವ ಆಯ್ಕೆಯೇ ಇದೆ. ಗ್ರೂಪ್‌ಗಳು ಹೊಸ ನಂಬರ್‌ಗೆ ಬರುತ್ತವೆ, ಹಳೆಯ ಖಾತೆ ಅಳಿಯುತ್ತದೆ. ಆ್ಯಪ್ ಅನ್ನು ಫೋನ್‌ನಿಂದ ತೆಗೆದುಹಾಕಿದರೆ ಮಾತ್ರ ಖಾತೆ ಅಳಿಯುವುದಿಲ್ಲ.

6. ಉಳಿದವು: ಗ್ಯಾಸ್ ಬುಕಿಂಗ್, ರೈಲ್ವೆ ಟಿಕೆಟ್, ಡಿಜಿಲಾಕರ್, ವಾಹನದ ದಾಖಲೆ, ಫಾಸ್ಟ್ಯಾಗ್, ಶಾಪಿಂಗ್ ಆ್ಯಪ್‌ಗಳು.

ಎಲ್ಲ ಮುಗಿದ ಮೇಲೂ ಒಂದೆರಡು ತಿಂಗಳು ಸಿಮ್ ಚಾಲ್ತಿಯಲ್ಲಿಟ್ಟು, ಯಾವ ಸಂದೇಶ ಇನ್ನೂ ಬರುತ್ತಿದೆ ಎಂದು ನೋಡುವುದು ಒಳ್ಳೆಯದು. ಪಟ್ಟಿಯಲ್ಲಿ ಬಿಟ್ಟುಹೋದದ್ದು ಆಗ ತಿಳಿಯುತ್ತದೆ.

ನಂಬರ್ ಬಿಡದೇ ಇರುವ ದಾರಿ

ರಾಜ್ಯ ಬದಲಾದರೆ ನಂಬರ್ ಬದಲಾಗಬೇಕು ಎಂಬುದು ಹಳೆಯ ಮಾತು. 2015ರ ಜುಲೈನಿಂದ ದೇಶದ ಯಾವುದೇ ವಲಯಕ್ಕೆ ಹೋದರೂ ಅದೇ ನಂಬರ್ ಉಳಿಸಿಕೊಳ್ಳಬಹುದು. ಕರ್ನಾಟಕದ ನಂಬರ್ ಅನ್ನು ಮಹಾರಾಷ್ಟ್ರ, ದೆಹಲಿ ಅಥವಾ ತಮಿಳುನಾಡಿನ ಕಂಪನಿಗೆ ಪೋರ್ಟ್ ಮಾಡಿಸಲು, ಇಂಗ್ಲಿಷ್‌ನಲ್ಲಿ 'ಪೋರ್ಟ್' ಎಂದು ಬರೆದು, ಜಾಗ ಬಿಟ್ಟು ಮೊಬೈಲ್ ನಂಬರ್ ಸೇರಿಸಿ 1900ಕ್ಕೆ ಎಸ್ಎಂಎಸ್ ಕಳುಹಿಸಬೇಕು. ಬರುವ ಸಂಕೇತ ಬಹುತೇಕ ವಲಯಗಳಲ್ಲಿ ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಅದರೊಂದಿಗೆ ಹೊಸ ಕಂಪನಿಯ ಮಳಿಗೆಗೆ ಹೋದರೆ ಆಯಿತು. ಬೇರೆ ವಲಯಕ್ಕೆ ಬದಲಾಗಲು ಐದು ಕೆಲಸದ ದಿನಗಳ ಕಾಲಮಿತಿ ಇದೆ. ಬ್ಯಾಂಕ್ ಮತ್ತು ಆಧಾರ್‌ಗೆ ಒಂದೇ ಶಾಶ್ವತ ನಂಬರ್ ಇಟ್ಟುಕೊಂಡು ಅದನ್ನು ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭದ ದಾರಿ.

ನಂಬರ್ ಈಗಾಗಲೇ ಕೈತಪ್ಪಿದ್ದರೆ?

ಸಂಪರ್ಕ ಕಡಿತವಾಗಿ 15 ದಿನ ಆಗಿಲ್ಲವಾದರೆ ಕೂಡಲೇ ಕಂಪನಿಯ ಮಳಿಗೆಗೆ ಹೋಗಿ ಮರಳಿ ಪಡೆಯಲು ಯತ್ನಿಸಬಹುದು. ತಮ್ಮ ಹೆಸರಿನಲ್ಲಿ ಯಾವ್ಯಾವ ಸಂಪರ್ಕಗಳು ಇನ್ನೂ ಚಾಲ್ತಿಯಲ್ಲಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' ತಾಣದಲ್ಲಿ ನೋಡಬಹುದು. ನಂಬರ್ ಬೇರೆಯವರಿಗೆ ಹೋಗಿದ್ದರೆ ಮೊದಲು ಆಧಾರ್ ಕೇಂದ್ರ, ನಂತರ ಬ್ಯಾಂಕ್ ಶಾಖೆಗೆ ಖುದ್ದಾಗಿ ಹೋಗಿ ಬದಲಿಸಬೇಕು. ಹಣ ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು.

ಮರುಹಂಚಿಕೆಯ ನಂಬರ್ ಸಿಕ್ಕವರು ಏನು ಮಾಡಬೇಕು?

ಹೊಸ ಸಿಮ್ ಹಾಕಿದ ಮರುದಿನದಿಂದಲೇ ಯಾರದ್ದೋ ಸಾಲದ ಕಂತು ಕೇಳುವ ಕರೆಗಳು, ಯಾರದ್ದೋ ಮಗುವಿನ ಶಾಲೆಯ ಸಂದೇಶಗಳು ಬರತೊಡಗಿದರೆ ಅದು ಮರುಹಂಚಿಕೆಯ ನಂಬರ್ ಎಂದು ಊಹಿಸಬಹುದು. ಸಂದೇಶ ಕಳುಹಿಸಿದ ಬ್ಯಾಂಕ್ ಅಥವಾ ಶಾಲೆಯ ಅಧಿಕೃತ ಸಹಾಯವಾಣಿಗೆ ಕರೆ ಮಾಡಿ ನಂಬರ್ ತೆಗೆಸಲು ಹೇಳಬೇಕು. 'ಅದು ನನ್ನ ಹಳೆಯ ನಂಬರ್, ಒಟಿಪಿ ಹೇಳಿ' ಎಂದು ಯಾರಾದರೂ ಕರೆ ಮಾಡಿದರೆ ಹೇಳಬಾರದು. ಕೇಳುತ್ತಿರುವವರು ನಿಜವಾಗಿಯೂ ಹಿಂದಿನ ಗ್ರಾಹಕರೇ ಎಂದು ಫೋನ್‌ನಲ್ಲಿ ಖಚಿತಪಡಿಸಿಕೊಳ್ಳಲು ಸಾಧ್ಯವಿಲ್ಲ. ಸಂಬಂಧಪಟ್ಟ ಬ್ಯಾಂಕ್ ಶಾಖೆಗೆ ಹೋಗುವಂತೆ ಅವರಿಗೆ ತಿಳಿಸಿದರೆ ಸಾಕು.