ಗಡಿಯ ಕಾಲೇಜುಗಳ ಕಾಲ್ಚೆಂಡು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಗೆ ಆಟವೆಂದೊಡನೆ ಜನರ ಬಾಯಿಗೆ ಬರುವುದು ಕುಸ್ತಿ. ಅದರ ಬೆನ್ನಿಗೇ ಕಬಡ್ಡಿ, ಖೋ ಖೋ. ಕಾಲ್ಚೆಂಡಿನ ಮಾತೆತ್ತಿದರೆ ಅದು ಬೆಳಗಾವಿಯ ಆಟ, ಇಲ್ಲವೆ ಕೊಲ್ಹಾಪುರದ ಆಟ ಎನ್ನುವವರೇ ಹೆಚ್ಚು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಬೆಳಗಾವಿಯಲ್ಲಿ ಆಟ ಬೆಳೆದದ್ದು ದಂಡಿನ ನೆರಳಿನಲ್ಲಿ. ಕೊಲ್ಹಾಪುರದ್ದು ಬೇರೆಯೇ ಬಗೆ. ಅಲ್ಲಿ ಕುಸ್ತಿಯ ತಾಲೀಮುಗಳೇ ಕಾಲ್ಚೆಂಡಿನ ತಂಡಗಳನ್ನೂ ಕಟ್ಟಿದವು. ಖಂಡೋಬಾ ತಾಲೀಮು, ಪಾಟಾಕಡೀಲ ತಾಲೀಮು ಎಂಬ ಹೆಸರಿನ ತಂಡಗಳು ಶಾಹು ಕ್ರೀಡಾಂಗಣದಲ್ಲಿ ಸೆಣಸುವ ದಿನ ಪೇಟೆಯ ಅರ್ಧ ಜನ ಅಲ್ಲಿಯೇ ಇರುತ್ತಾರೆ. ಇವೆರಡು ಊರುಗಳ ನಡುವಿನ ಸೀಮೆಯ ಹುಡುಗರು ಚೆಂಡನ್ನು ಕಾಲಿನಿಂದ ಮುಟ್ಟದೆ ಉಳಿದಾರೆಯೆ?

ಆದರೆ ಅವರು ಆಡಿದ ಆಟಗಳ ಚರಿತ್ರೆ ಯಾವ ಪುಸ್ತಕದಲ್ಲಿಯೂ ಸಿಕ್ಕುವುದು ಕಷ್ಟ. ಅದಕ್ಕೆ ಕಾರಣ ಆಟಗಾರರ ಉದಾಸೀನವಲ್ಲ, ನಕಾಶೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1949ರ ವರೆಗೆ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ನಿಪ್ಪಾಣಿ, ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯವು. ಈ ಕಡೆಯ ಹುಡುಗನೊಬ್ಬ ಮೆಟ್ರಿಕ್ ಮುಗಿಸಿ ಮುಂದೆ ಓದಬೇಕೆಂದರೆ ಕೊಲ್ಹಾಪುರದ ರಾಜಾರಾಮ ಕಾಲೇಜು, ಸಾಂಗಲಿಯಲ್ಲಿ 1919ರಲ್ಲಿ ತೆರೆದ ವಿಲಿಂಗ್ಡನ್ ಕಾಲೇಜು, ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು, ಧಾರವಾಡದ ಕರ್ನಾಟಕ ಕಾಲೇಜು, ಇವುಗಳಲ್ಲಿ ಒಂದನ್ನು ಹಿಡಿಯುತ್ತಿದ್ದ. ಎಲ್ಲವೂ ಮುಂಬಯಿ ವಿಶ್ವವಿದ್ಯಾಲಯದ ಕಾಲೇಜುಗಳೇ. ಕೊಲ್ಹಾಪುರದವನೂ ಧಾರವಾಡದವನೂ ಒಂದೇ ಮನೆಯ ಮಕ್ಕಳು.

1949ರಲ್ಲಿ ಈ ಮನೆ ಪಾಲಾಯಿತು. ಕೊಲ್ಹಾಪುರ, ಸಾಂಗಲಿಗಳು ಪುಣೆ ವಿಶ್ವವಿದ್ಯಾಲಯದ ಕಡೆಗೆ ಹೋದವು; ಕನ್ನಡ ಜಿಲ್ಲೆಗಳಿಗೆ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1962ರಲ್ಲಿ ಕೊಲ್ಹಾಪುರದಲ್ಲಿಯೇ ಶಿವಾಜಿ ವಿಶ್ವವಿದ್ಯಾಲಯ ತೆರೆಯಿತು. ಗಡಿಯ ಊರುಗಳಿಗೆ ತಮ್ಮವೇ ಆದ ಕಾಲೇಜುಗಳು ಬಂದದ್ದು ಇದೇ ಸುಮಾರಿಗೆ. ನಿಪ್ಪಾಣಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಬಾಗೇವಾಡಿ ಕಾಲೇಜು 1961ರಲ್ಲಿ ಆರಂಭವಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಊರಿನ ಅಂಚಿಗೆ ಅರ್ಜುನನಗರದಲ್ಲಿ ದೇವಚಂದ ಕಾಲೇಜು ತಲೆಯೆತ್ತಿತು. ಅರ್ಜುನನಗರವಾದರೋ ಕಾಗಲ ತಾಲ್ಲೂಕಿನದು, ಅಂದರೆ ಮಹಾರಾಷ್ಟ್ರದ್ದು. ಒಂದೇ ಪೇಟೆಯಲ್ಲಿ ಚಹಾ ಕುಡಿಯುವ ಹುಡುಗರು, ಎರಡು ಕಾಲೇಜು, ಎರಡು ರಾಜ್ಯ, ಎರಡು ವಿಶ್ವವಿದ್ಯಾಲಯ!

ವಾಚಕರು ಈಗ ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಸುಮಾರು 40 ಕಿಲೋಮೀಟರು. ಧಾರವಾಡಕ್ಕೆ ಅದರ ಮೂರು ಪಟ್ಟಿಗೂ ಮಿಕ್ಕಿ. ಕಾಗವಾಡದ ಹುಡುಗನಿಗೆ ಮಿರಜ ಸೈಕಲ್ಲಿನ ಮೇಲೆ ಹೋಗಿಬರುವ ದೂರ. ಧಾರವಾಡವೆಂದರೆ ಶೇಡಬಾಳ ಸ್ಟೇಶನ್ನಿನಲ್ಲಿ ರೈಲು ಹತ್ತಿ ದಿನವೊಂದನ್ನು ಕಳೆಯುವ ಕೆಲಸ. ಅಂತರ ಕಾಲೇಜು ಪಂದ್ಯಗಳು ನಡೆಯುವುದು ಒಂದು ವಿಶ್ವವಿದ್ಯಾಲಯದ ಕಾಲೇಜುಗಳ ನಡುವೆ ಮಾತ್ರ. ಆದುದರಿಂದ ಓಣಿಯಾಚೆಯ ಎದುರಾಳಿಯೊಂದಿಗೆ ಆಡಿದ್ದು ಸ್ನೇಹಪಂದ್ಯ. ದೂರದವನೊಂದಿಗೆ ಆಡಿದ್ದು ನಿಜವಾದ ಪಂದ್ಯ. ನಿಜವಾದ ಪಂದ್ಯದ ಫಲಿತಾಂಶ ವಿಶ್ವವಿದ್ಯಾಲಯದ ಕಡತಕ್ಕೆ ಹೋಗುತ್ತದೆ. ಸ್ನೇಹಪಂದ್ಯವು ಯಾವ ಕಡತಕ್ಕೂ ಹೋಗುವುದಿಲ್ಲ. ಹುಡುಗರ ರಕ್ತ ಕುದಿಯುತ್ತಿದ್ದುದು ಮಾತ್ರ ಎರಡನೆಯದರಲ್ಲಿ! ಸೋತವನು ಮರುದಿನ ಸಂತೆಯಲ್ಲಿ ಗೆದ್ದವನ ಮುಖ ನೋಡಲೇಬೇಕಲ್ಲ.

ಹೀಗಾಗಿ ಈ ಆಟಗಳ ಚರಿತ್ರೆಗೆ ಹಳೆಯ ಆಟಗಾರರ ನೆನಪೊಂದೇ ಆಧಾರ. ಆ ನೆನಪನ್ನು ಎಷ್ಟರ ಮಟ್ಟಿಗೆ ನಂಬಬಹುದು? ಗೋಲುಗಳ ಲೆಕ್ಕದಲ್ಲಿ ನಂಬುವಂತಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಲ್ಕು ಮಂದಿ ಕೂಡಿದರೆ ಮೂರು ಫಲಿತಾಂಶಗಳು ಬರುತ್ತವೆ, ಮತ್ತು ಗೋಲು ಹೊಡೆದವನ ವಯಸ್ಸು ಏರಿದಷ್ಟೂ ಅವನು ಹೊಡೆದ ದೂರವೂ ಏರುತ್ತದೆ. ಆದರೆ ಲಿಖಿತ ದಾಖಲೆಗಿಂತ ನೆನಪೇ ಸತ್ಯಕ್ಕೆ ಹತ್ತಿರವಾದ ಪ್ರಸಂಗವೂ ಉಂಟು.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಭಾರತವು ಫ್ರಾನ್ಸಿನ ಎದುರು 1-2ರಿಂದ ಸೋತಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ಕೈತಪ್ಪದಿದ್ದರೆ ಕತೆಯೇ ಬೇರೆಯಾಗುತ್ತಿತ್ತು. ಎರಡು ವರ್ಷದ ಮೇಲೆ ಬ್ರೆಜಿಲಿನ ವಿಶ್ವಕಪ್ಪಿಗೆ ಭಾರತ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡದ ಕಾರಣ ಹೋಗಲಿಲ್ಲವೆಂಬ ಕತೆ ಪತ್ರಿಕೆಯಿಂದ ಪತ್ರಿಕೆಗೆ ಅಚ್ಚಾಗುತ್ತ ಬಂದು ಎಲ್ಲರಿಗೂ ಬಾಯಿಪಾಠವಾಗಿದೆ. ಅಂದಿನ ನಾಯಕ ಶೈಲೇನ್ ಮನ್ನಾ ಅವರ ನೆನಪು ಹಾಗಿರಲಿಲ್ಲ. ವಿಶ್ವಕಪ್ಪು ಎಂಬುದರ ಮಹತ್ವವೇ ತಮಗೆ ಗೊತ್ತಿರಲಿಲ್ಲ, ಒಲಿಂಪಿಕ್ಸ್ ಒಂದೇ ತಮಗೆ ಸರ್ವಸ್ವವಾಗಿತ್ತು ಎಂದು ಅವರು ಮುಪ್ಪಿನಲ್ಲಿ ಹೇಳಿದರು. ಸಂಶೋಧಕರೂ ಈಚೆಗೆ ಬಹುವಾಗಿ ಅತ್ತಲೇ ವಾಲಿದ್ದಾರೆ. ಇನ್ನು ಬರಿಗಾಲಿಗೆ ಕೊನೆ ಬಂದದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾದ ಕೈಯಲ್ಲಿ 1-10ರ ಪೆಟ್ಟು ತಿಂದ ಮೇಲೆ. ಅಲ್ಲಿಯೂ ನಮ್ಮ ಪಾಲಿನ ಒಂದು ಗೋಲು ಬೆಂಗಳೂರಿನವರದೇ, ಅಹಮದ್ ಖಾನರದು.

ನಿಪ್ಪಾಣಿ, ಅಥಣಿಗಳ ಆಟಗಾರರನ್ನು ಮಾತನಾಡಿಸುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. "ಯಾವ ಇಸವಿ?" ಎಂದು ಕೇಳಿದರೆ ತಪ್ಪು ಉತ್ತರ ಬರುತ್ತದೆ. ಚೆಂಡು ಹೇಗಿತ್ತು ಎಂದು ಕೇಳಿ. ತಲೆಯಿಂದ ಹೊಡೆದಾಗ ಚೆಂಡಿನ ಲಾಡಿ ಹಣೆಗೆ ಬರೆ ಎಳೆಯಿತು ಎಂದರೆ, ಒಳಗೆ ರಬ್ಬರಿನ ಬ್ಲ್ಯಾಡರು, ಮೇಲೆ ಚರ್ಮ, ಬಾಯಿಗೆ ಲಾಡಿ ಬಿಗಿದ ಹಳೆಯ ಚೆಂಡು ಅದು. ಮಳೆ ಕುಡಿದರೆ ಕಲ್ಲಿನಷ್ಟು ಭಾರವಾಗುತ್ತಿತ್ತು, ಅದರಲ್ಲಿಯೂ ಎರೆಮಣ್ಣು ಮೆತ್ತಿದಾಗ. ಗೋಲಿಗೆ ಪೆಟ್ಟಾಗಿ ಮುಂದಿನ ಸಾಲಿನವನೊಬ್ಬ ಗೋಲಿನಲ್ಲಿ ನಿಂತ, ಹತ್ತೇ ಮಂದಿ ಆಡಿದೆವು ಎಂದರೆ, ಬದಲಿ ಆಟಗಾರನ ನಿಯಮ ಇತ್ತ ಇನ್ನೂ ಮುಟ್ಟಿರಲಿಲ್ಲ ಎಂದಾಯಿತು. ವಿಶ್ವಕಪ್ಪಿನಲ್ಲಿಯೇ ಬದಲಿಯವರು ಇಳಿದದ್ದು 1970ರಲ್ಲಿ. ಹಳದಿ ಚೀಟಿಯೂ ಅದೇ ವರ್ಷದ್ದು. ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಹಿಡಿದು ಹೊತ್ತು ಕಳೆದ ಎಂದು ಇಂದಿಗೂ ಬಯ್ಯುವವನು 1992ಕ್ಕಿಂತ ಹಿಂದಿನ ಆಟವನ್ನು ಬಯ್ಯುತ್ತಿದ್ದಾನೆ. ಆ ವರ್ಷ ಅದು ನಿಷಿದ್ಧವಾಯಿತು. ಲೋಕದ ನಿಯಮ ಹಳ್ಳಿಯ ಬಯಲಿಗೆ ನಾಲ್ಕಾರು ವರ್ಷ ತಡವಾಗಿ ಬರುವುದರಿಂದ ಈ ಲೆಕ್ಕವನ್ನು ಸಡಿಲವಾಗಿಯೇ ಹಿಡಿಯಬೇಕು. ಆದರೂ ಆಟಗಾರ ಮರೆತ ಇಸವಿಯನ್ನು ಅವನ ಹಣೆಯ ಬರೆ ಹೇಳಬಲ್ಲದು.

ಇನ್ನೊಂದು ಸಾಕ್ಷಿ ಗೋಡೆಯ ಮೇಲಿರುತ್ತದೆ. ತಂಡದವರು ಎರಡು ಸಾಲಿನಲ್ಲಿ, ನಡುವೆ ಪ್ರಿನ್ಸಿಪಾಲರು, ಅವರ ಕಾಲ ಬಳಿ ಚೆಂಡು, ಚೆಂಡಿನ ಮೇಲೆ ಬಿಳಿಯ ಅಕ್ಷರದಲ್ಲಿ ಕಾಲೇಜಿನ ಹೆಸರೂ ಇಸವಿಯೂ. ಇಂಥ ಚಿತ್ರ ಮನೆಯಲ್ಲಿದ್ದರೆ ಅದರ ಹಿಂಬದಿಗೆ ಹೆಸರುಗಳನ್ನು ಇಂದೇ ಬರೆಸಿಡಿ. 1961ರಲ್ಲಿ ಕಾಲೇಜು ಸೇರಿದವರು ಎಂಬತ್ತು ದಾಟಿದ್ದಾರೆ. ಎದುರಾಳಿಗಳು ಮಾತ್ರ ಆ ಚಿತ್ರದಲ್ಲಿ ಇರುವುದಿಲ್ಲ. ಅವರ ಹೆಸರು ಬೇಕಾದರೆ ಅರ್ಜುನನಗರದ ಕಡೆಗೆ ನಾಲ್ಕು ಹೆಜ್ಜೆ ಹಾಕಿ, ಅಲ್ಲಿಯ ಮುದುಕರನ್ನು ಮರಾಠಿಯಲ್ಲಿ ಕೇಳಬೇಕು.